ಇಳಿಯೋಕೆ ನೂರು, ಏರೋಕೆ ಐದು: ಕೇಬಲ್‌ನೋರ ಲೆಕ್ಕ, ನಮ್ಮ ಮೌನ

ಈ ಸಲ ಎರಡನೇ ಬೋರ್ಡೋ ಹೊಡೆಸಿದ ದಿನದ ಕಥೆಯಿಂದ ಶುರು ಮಾಡ್ತೇನೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು, ದೋಟಿಯವರು ಸಿಕ್ಕಿದ್ದೇ ಪುಣ್ಯ ಅನ್ನೋ ಹಾಗಿತ್ತು ಪರಿಸ್ಥಿತಿ. ನಾನು ಡ್ರಮ್ಮಿನ ಹತ್ತಿರ ಸುಣ್ಣ ಕದಡ್ತಾ ನಿಂತಿದ್ದೆ. ಮಗಳು ಮನೆಯಿಂದ ತೋಟಕ್ಕೆ ಓಡಿ ಬಂದಳು.

"ಅಪ್ಪಯ್ಯಾ, ಅಂಗಳದ ಕ್ಯಾಮೆರಾ ವೈರು ಕಿತ್ತು ಬಿಡ್ಲಾ? ಮೀಟಿಂಗಲ್ಲಿ ನನ್ನ ಮಾತು ಯಾರಿಗೂ ಕೇಳ್ತಾ ಇಲ್ಲ."

"ಅವರ ಮಾತು ನಿಂಗೆ ಕೇಳ್ತದಾ?"

"ಅವರದ್ದೆಲ್ಲ ಸ್ಪಷ್ಟ ಕೇಳ್ತದೆ. ನಂದು ಮಾತ್ರ ಹೋಗ್ತಾ ಇಲ್ಲ."

ಕಿತ್ತು ಬಿಡು ಅಂದೆ. ಅವಳು ಓಡಿ ಹೋದಳು. ಆದರೆ ಆ ಮಾತು ಮಾತ್ರ ಸಂಜೆವರೆಗೂ ತಲೆಯಲ್ಲಿ ಕೂತಿತ್ತು. ಎಲ್ಲರ ಮಾತೂ ನಮಗೆ ಕೇಳ್ತದೆ, ನಮ್ಮ ಮಾತು ಯಾರಿಗೂ ಹೋಗಲ್ಲ. ಇದು ಬರೀ ಇಂಟರ್ನೆಟ್ಟಿನ ಕಥೆಯಲ್ಲ ಅಂತ ನಿಮಗೂ ಅನ್ನಿಸಬಹುದು. ಆದರೆ ಇವತ್ತು ಇಂಟರ್ನೆಟ್ಟಿಗಷ್ಟೇ ಸೀಮಿತವಾಗಿ ಬರೀತೇನೆ. ಯಾಕಂದ್ರೆ ಇದೊಂದನ್ನಾದರೂ ನಾವೇ ಸರಿ ಮಾಡಿಕೊಳ್ಳಬಹುದು.

ಹಿನ್ನೆಲೆ ಹೇಳ್ತೇನೆ. ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಿಂದಲೇ ಕೆಲಸ ಮಾಡ್ತೇನೆ ಅಂತ ಕೇಳಿಕೊಂಡು ಊರಿಗೆ ಬಂದಳು. ಎಂಟು ತಿಂಗಳಾಯ್ತು. ಬೆಳಿಗ್ಗೆ ಅಜ್ಜಿಗೆ ಸ್ನಾನ ಮಾಡಿಸಿ ಹತ್ತಕ್ಕೆ ಕೆಲಸಕ್ಕೆ ಕೂರ್ತಾಳೆ. ನಮ್ಮ ಮನೆಯಲ್ಲಿ ದೀಪ ಹಚ್ಚೋಕೆ ಒಂದು ಹುಡುಗಿ ಇದ್ದಾಳೆ ಅನ್ನೋ ಸಮಾಧಾನ ನಮಗೆ. ಆದರೆ ಅವಳ ಆಫೀಸಿನವರು ಎರಡು ಸಲ ಹೇಳಿದ್ದರು: ಕನೆಕ್ಷನ್ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಬನ್ನಿ. ಮೂರನೇ ಸಲ ತಿಂಗಳ ಕೊನೆ ಅಂತ ಗಡುವೂ ಕೊಟ್ಟರು. ನಮ್ಮ ಸೀಮೆಯ ಎಷ್ಟು ಮನೆಗಳಲ್ಲಿ ಈಗ ಬರೀ ಇಬ್ಬರು ಮುದುಕರು, ಒಂದು ನಾಯಿ ಉಳಿದಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯೂ ಆ ಪಟ್ಟಿಗೆ ಸೇರೋದು ಒಂದು ವೈರಿನ ಮೇಲೆ ನಿಂತಿತ್ತು.

ವಿಚಿತ್ರ ಅಂದ್ರೆ ನಮ್ಮ ಪ್ಯಾಕು ನೂರು ಎಂಬಿಪಿಎಸ್‌ನದ್ದು. ಕೇಬಲ್‌ನೋರಿಗೆ ತಿಂಗಳು ತಿಂಗಳು ಸರಿಯಾಗಿ ದುಡ್ಡು ಕಟ್ಟಿದ್ದೇನೆ. ಟೀವಿಯಲ್ಲಿ ಸಿನಿಮಾ ನಿಲ್ಲದೆ ಓಡ್ತದೆ. ಹಾಗಿದ್ದರೆ ತೊಂದರೆ ಎಲ್ಲಿ? ಮಗಳು ಸ್ಪೀಡ್ ಟೆಸ್ಟ್ ಹಾಕಿ ತೋರಿಸಿದಳು. ಇಳಿಯೋದು 94. ಏರೋದು 4.9.

ನಾವು ಯಾರೂ ಆ ಎರಡನೇ ಅಂಕಿ ನೋಡಲ್ಲ. ಇದೇ ನಮ್ಮ ಮೊದಲ ತಪ್ಪು. "ಎಷ್ಟು ಎಂಬಿ ಪ್ಯಾಕ್ ಹಾಕ್ಸಿದೀರಿ?" "ನೂರು." ಮಾತು ಅಲ್ಲಿಗೇ ಮುಗೀತು. ಆ ನೂರು ಪೇಟೆಯಿಂದ ನಮ್ಮನೆಗೆ ಬರೋ ದಾರಿ. ನಮ್ಮನೆಯಿಂದ ಪೇಟೆಗೆ ಹೋಗೋ ದಾರಿ ಬೇರೆ ಇದೆ, ಅದರ ಅಗಲ ಬೇರೆ ಇದೆ, ಅದನ್ನ ಯಾರೂ ಹೇಳಲ್ಲ, ನಾವೂ ಕೇಳಲ್ಲ.

ತೋಟದ ಲೆಕ್ಕದಲ್ಲಿ ಹೇಳಬೇಕಂದ್ರೆ ಇಳಿಯೋದು ನೀರು ಹಾಯಿಸೋ ಕಾಲುವೆ, ಏರೋದು ಬಸಿಗಾಲುವೆ. ನೀರು ಎಷ್ಟು ಬೇಕಾದರೂ ಬರಲಿ, ಬಸಿಗಾಲುವೆ ಕಟ್ಟಿಕೊಂಡರೆ ತೋಟದ ಗತಿ ಏನಾಗ್ತದೆ ನಮಗೆಲ್ಲ ಗೊತ್ತು. ಇದೂ ಹಾಗೇ. ನೀವು ಒಂದು ವಿಡಿಯೋ ನೋಡ್ತಾ ಇದ್ದರೂ ನಿಮ್ಮ ಫೋನು "ಇಷ್ಟು ಬಂತು, ಮುಂದಿಂದು ಕಳಿಸಿ" ಅಂತ ಆಚೆ ಕಡೆಗೆ ಸಣ್ಣ ಸಣ್ಣ ರಸೀದಿ ಕಳಿಸ್ತಾನೇ ಇರ್ತದೆ. ಏರೋ ದಾರಿ ತುಂಬಿ ನಿಂತರೆ ಆ ರಸೀದಿಯೂ ಸಾಲಿನಲ್ಲಿ ಕಾಯ್ತದೆ. ಆಗ ಇಳಿಯೋದೂ ನಿಧಾನ ಆಗ್ತದೆ. ಮೊಮ್ಮಗನ ಫೋನಿನ ಫೋಟೋಗಳು ತಾವಾಗೇ ಮೇಲೆ ಹೋಗ್ತಾ ಇರೋ ಹೊತ್ತಲ್ಲಿ ಇಡೀ ಮನೆಯ ಇಂಟರ್ನೆಟ್ಟು ಸತ್ತ ಹಾಗಾಗೋದು ಇದಕ್ಕೇ.

ಐದು ಎಂಬಿಪಿಎಸ್ ಅಂದ್ರೆ ಎಷ್ಟು ಅಂತ ಲೆಕ್ಕ ಹಾಕೋಣ. ಇಲ್ಲೊಂದು ಮೋಸ ಇದೆ, ಅದೂ ಗೊತ್ತಿರಲಿ. ಕೇಬಲ್‌ನೋರ "ಎಂಬಿ" ಮೆಗಾಬಿಟ್. ನಮ್ಮ ಫೋನಿನಲ್ಲಿ ವಿಡಿಯೋ ಇಷ್ಟು "ಎಂಬಿ" ಅಂತ ಇರೋದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದ್ರೆ ಐದು ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 0.625 ಮೆಗಾಬೈಟ್ ಹೋಗ್ತದೆ. 200 ಮೆಗಾಬೈಟಿನ ವಿಡಿಯೋ ಹೋಗೋಕೆ 320 ಸೆಕೆಂಡ್, ಐದು ನಿಮಿಷದ ಮೇಲೆ. ಅದೂ ಮನೆಯಲ್ಲಿ ಬೇರೆ ಯಾರೂ ಏನೂ ಕಳಿಸದೇ ಇದ್ದರೆ. ನಮ್ಮ ಅಂಗಳದಲ್ಲಿ ಎರಡು ಕ್ಯಾಮೆರಾ ಇದ್ದವು. ಎರಡೂ ಹಗಲೂ ರಾತ್ರಿ ಕಂಪನಿಯ ಸರ್ವರಿಗೆ ಚಿತ್ರ ಕಳಿಸ್ತಿದ್ದವು. ಒಂದೊಂದು ಎರಡು ಎಂಬಿಪಿಎಸ್ ನುಂಗಿದರೆ ಮಗಳಿಗೆ ಉಳಿದದ್ದು ಒಂದು. ಒಂದರಲ್ಲಿ ಮುಖ ತೋರಿಸಿ ಮಾತಾಡೋದು ಹ್ಯಾಗೆ?

ಕೇಬಲ್‌ನೋರ ಮೇಲೆ ಹೋಗೋ ಮೊದಲು ನನ್ನ ಮನೆ ಕಸ ಗುಡಿಸಿಕೊಂಡೆ. ಇದನ್ನೂ ಬರೀಬೇಕು, ಇಲ್ಲಾಂದ್ರೆ ನ್ಯಾಯ ಆಗಲ್ಲ.

ಒಂದು, ಕ್ಯಾಮೆರಾ. ಒಳಗೆ ಮೆಮೊರಿ ಕಾರ್ಡ್ ಹಾಕಿಸಿ, ರೆಕಾರ್ಡಿಂಗ್ ಅಲ್ಲೇ ಉಳಿಯೋ ಹಾಗೆ ಮಾಡಿಸಿದೆ. ಏನಾದರೂ ಅಲುಗಾಡಿದರೆ ಮಾತ್ರ ಆಚೆಗೆ ಕಳಿಸ್ತದೆ. ಎರಡು, ಗೋಡೆ. ನಮ್ಮದು ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಕೇಬಲ್ ಡಬ್ಬಿ ಜಗಲಿಯಲ್ಲಿ, ಮಗಳು ಕೂರೋದು ಒಳಗಿನ ಕೋಣೆಯಲ್ಲಿ. ವೈಫೈ ಎರಡು ಗೋಡೆ ದಾಟೋ ಹೊತ್ತಿಗೆ ಸುಸ್ತಾಗಿರ್ತದೆ. ಅಟ್ಟದ ಮೇಲಿಂದ ಮೂವತ್ತು ಮೀಟರ್ ಲ್ಯಾನ್ ವೈರು ಎಳೆಸಿ ಕಂಪ್ಯೂಟರಿಗೇ ಚುಚ್ಚಿಸಿದೆ. ಮೂರು, ಹೊರಗಿನ ತಂತಿ. ಕೊಟ್ಟಿಗೆ ತೊಲೆಯ ಮೊಳೆಗೆ ಫೈಬರನ್ನ ನಾನೇ ಎರಡು ಸುತ್ತು ಬಿಗಿದು ಕಟ್ಟಿದ್ದೆ, ದನದ ಕೋಡಿಗೆ ಸಿಗದಿರಲಿ ಅಂತ. ಫೈಬರ್ ಒಳಗೆ ಹೋಗೋದು ಬೆಳಕು. ಚೂಪಾಗಿ ಬಾಗಿಸಿದರೆ ಬೆಳಕು ಸೋರ್ತದೆ. ಅದನ್ನ ಬಿಚ್ಚಿ ದೊಡ್ಡ ಸುತ್ತು ಮಾಡಿ ಬಿಟ್ಟೆ. ಲೈನ್ ನೋಡೋಕೆ ಬಂದ ಹುಡುಗನ ಹತ್ತಿರ ಮೀಟರ್ ಹಿಡಿಸಿದೆ, ಮೈನಸ್ 21 ತೋರಿಸ್ತು. ಸಾಮಾನ್ಯ ಡಬ್ಬಿಗಳಿಗೆ ಮೈನಸ್ 27 ಗಡಿ, ಅದಕ್ಕಿಂತ ಕೆಳಗೆ ಹೋದರೆ ಕಷ್ಟ. ಅಂದ್ರೆ ನಮ್ಮ ಲೈನು ಗಟ್ಟಿ ಇದೆ.

ಇಷ್ಟೆಲ್ಲ ಆದ ಮೇಲೆ ಮೂರು ದಿನ ಅಡಿಕೆ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ವೈರು ಚುಚ್ಚಿಯೇ ಪರೀಕ್ಷೆ, ವೈಫೈ ಅಲ್ಲ. ಬೆಳಿಗ್ಗೆ ಆರಕ್ಕೆ ಇಳಿಯೋದು 94, ಏರೋದು 4.9. ಮಧ್ಯಾಹ್ನ ಎರಡಕ್ಕೆ 88, 4.9. ರಾತ್ರಿ ಒಂಬತ್ತಕ್ಕೆ, ಊರೆಲ್ಲ ಧಾರಾವಾಹಿ, ಕ್ರಿಕೆಟ್ಟು ನೋಡೋ ಹೊತ್ತಿಗೆ, ಇಳಿಯೋದು 41ಕ್ಕೆ ಬಿತ್ತು. ಏರೋದು? 4.8.

ಇದನ್ನ ಸ್ವಲ್ಪ ಗಮನವಿಟ್ಟು ನೋಡಿ. ಜನ ಜಾಸ್ತಿ ಆದಾಗ ಇಳಿಯೋದು ಕಡಿಮೆ ಆಯ್ತು, ಅದು ಸಹಜ. ಏರೋದು ಮಾತ್ರ ಬೆಳಗಿನ ಜಾವಕ್ಕೂ ಅಷ್ಟೇ, ರಾತ್ರಿಗೂ ಅಷ್ಟೇ. ಹೊಳೆ ನೀರು ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು ಇರ್ತದೆ. ವರ್ಷವಿಡೀ ಒಂದೇ ಸಮ ಸಣ್ಣಗೆ ಬರ್ತಾ ಇದ್ದರೆ ಅದು ಹೊಳೆಯಲ್ಲ, ಯಾರೋ ತಿರುಗಿಸಿಟ್ಟ ನಲ್ಲಿ. ಐದಕ್ಕೆ ಬೀಗ ಹಾಕಿಟ್ಟಿದ್ದಾರೆ ಅಂತ ಆಗ ನನಗೆ ಗ್ಯಾರಂಟಿ ಆಯ್ತು.

ಪುಸ್ತಕ ಹಿಡಿದುಕೊಂಡು ಕೇಬಲ್‌ನೋರ ಆಫೀಸಿಗೆ ಹೋದೆ. ಮೂರು ಉತ್ತರ ಸಿಕ್ಕಿತು. ಈ ಮೂರೂ ನಿಮಗೂ ಸಿಗ್ತದೆ, ಅದಕ್ಕೇ ಒಂದೊಂದಾಗಿ ಬರೀತೇನೆ.

ಮೊದಲನೇದು: "ಕೇಬಲ್ ಇಂಟರ್ನೆಟ್ಟು ಅಂದ್ರೆ ಹಾಗೇ ಅಣ್ಣಾ, ಅಪ್‌ಲೋಡ್ ಅಷ್ಟೇ ಬರೋದು."

ಇದು ಒಂದು ಕಾಲಕ್ಕೆ ನಿಜ ಇತ್ತು. ಹಳೇ ಕೇಬಲ್ ಟೀವಿಯ ದಪ್ಪ ಕಪ್ಪು ತಂತಿ ಇತ್ತಲ್ಲ, ಅದನ್ನ ಮಾಡಿದ್ದೇ ಒಂದು ಕಡೆಯಿಂದ ಚಿತ್ರ ಕಳಿಸೋಕೆ. ಮನೆಯಿಂದ ವಾಪಸ್ ಏನೂ ಬರಬೇಕಾಗಿರಲಿಲ್ಲ. ಆಮೇಲೆ ಅದೇ ತಂತಿಯಲ್ಲಿ ಇಂಟರ್ನೆಟ್ ಕೊಡೋಕೆ ಶುರು ಮಾಡಿದಾಗ ಟೀವಿ ಚಾನೆಲ್ಲುಗಳು ಕೂತು ಬಿಟ್ಟ ಜಾಗದ ಕೆಳಗೆ ಉಳಿದ ಸಣ್ಣ ಮೂಲೆಯನ್ನ ಏರೋ ದಾರಿಗೆ ಕೊಟ್ಟರು. ಅಮೆರಿಕದಲ್ಲಿ 5ರಿಂದ 42 ಮೆಗಾಹರ್ಟ್ಸ್, ಯುರೋಪಿನಲ್ಲಿ 65ರವರೆಗೆ. ಅದರ ಮೇಲಿನ 750, 860, ಇನ್ನೂ ಮೇಲಿನವರೆಗೆ ಎಲ್ಲ ಇಳಿಯೋದಕ್ಕೆ. ಗದ್ದೆಯೆಲ್ಲ ಅಣ್ಣನಿಗೆ, ಅಂಚು ತಮ್ಮನಿಗೆ ಅಂದ ಹಾಗೆ. ಅಲ್ಲಿಯವರೂ ಇದರ ಮೇಲೆ ವರ್ಷಗಟ್ಟಲೆ ಗೊಣಗಿ, ಈಗ ಆ ಮೂಲೆಯನ್ನ 85ಕ್ಕೆ, ಕೆಲವು ಕಡೆ 204 ಮೆಗಾಹರ್ಟ್ಸಿಗೆ ಹಿಗ್ಗಿಸ್ತಾ ಇದ್ದಾರೆ. ನಿಮ್ಮ ಮನೆಗೆ ಇನ್ನೂ ಆ ದಪ್ಪ ತಂತಿಯಲ್ಲೇ ಇಂಟರ್ನೆಟ್ ಬರ್ತಾ ಇದ್ದರೆ ಅವರು ಹೇಳೋದರಲ್ಲಿ ಸತ್ಯ ಇದೆ, ಒಪ್ಪಿಕೊಳ್ಳಿ, ಮತ್ತೆ ಫೈಬರ್ ಎಳೀರಿ ಅಂತ ಕೇಳಿ.

ಆದರೆ ನಮ್ಮೂರಲ್ಲಿ ಕಂಬದಿಂದ ಮನೆಗೆ ಬಂದಿರೋದು ಕೂದಲೆಳೆಯಂಥ ಫೈಬರ್. ಇಲ್ಲಿ ಆ ಹಳೇ ಕಥೆ ನಡೆಯಲ್ಲ. ಇಳಿಯೋ ಬೆಳಕಿನ ಬಣ್ಣ ಒಂದು, ಏರೋ ಬೆಳಕಿನ ಬಣ್ಣ ಇನ್ನೊಂದು, 1490 ಮತ್ತು 1310 ನ್ಯಾನೋಮೀಟರ್. ಎರಡೂ ಒಂದೇ ಎಳೆಯಲ್ಲಿ ಹೋದರೂ ಒಂದಕ್ಕೊಂದು ಅಡ್ಡ ಬರಲ್ಲ. ನಿಮ್ಮ ಡಬ್ಬಿಯ ಹಿಂದೆ ಜಿಪಾನ್ ಅಂತ ಇದ್ದರೆ ಕೇಬಲ್‌ನೋರ ಆಫೀಸಿನಿಂದ ಹೊರಡೋ ಒಂದೊಂದು ಎಳೆಗೆ ಇಳಿಯೋಕೆ ಸುಮಾರು 2.5 ಗಿಗಾಬಿಟ್, ಏರೋಕೆ ಸುಮಾರು 1.25 ಗಿಗಾಬಿಟ್ ಸಾಮರ್ಥ್ಯ ಇರ್ತದೆ. ಇಪಾನ್ ಅಂತ ಇದ್ದರೆ ಎರಡೂ ಕಡೆಗೆ ಸಮ, 1.25. ಆ ಒಂದು ಎಳೆಯನ್ನ ಕಂಬದ ಮೇಲಿನ ಸ್ಪ್ಲಿಟರಿನಲ್ಲಿ ಹೆಚ್ಚಾಗಿ 32 ಮನೆಗೋ 64 ಮನೆಗೋ ಹಂಚ್ತಾರೆ. ಅತಿ ಕೆಟ್ಟ ಲೆಕ್ಕ ಹಿಡಿಯೋಣ: 32 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಅಪ್‌ಲೋಡ್ ಮಾಡ್ತಾರೆ ಅಂತ. ಆಗಲೂ ಮನೆಗೆ 39 ಎಂಬಿಪಿಎಸ್ ಬೀಳ್ತದೆ. 64 ಮನೆ ಅಂದರೆ 19. ಯಂತ್ರದ ಸ್ವಂತ ಖರ್ಚು ಅಂತ ಸ್ವಲ್ಪ ಕಳೆದರೂ ಐದಕ್ಕೆ ಬರಲ್ಲ. ಐದು ಅನ್ನೋ ಅಂಕಿ ತಂತಿಯಿಂದ ಬಂದಿದ್ದಲ್ಲ. ಪ್ಯಾಕ್ ಬರೆಯೋ ಹೊತ್ತಿಗೆ ಯಾರೋ ಟೈಪ್ ಮಾಡಿದ್ದು.

ಎರಡನೇದು: "ನಮಗೇ ಮೇಲಿಂದ ಬರೋದು ಕಡಿಮೆ. ಎಲ್ಲರಿಗೂ ಜಾಸ್ತಿ ಕೊಟ್ಟರೆ ನಿಮಗೂ ಸಿಗಲ್ಲ."

ಇದು ಕೇಳೋಕೆ ನ್ಯಾಯವಾಗಿದೆ. ಆದರೆ ಊರಿನ ಕೇಬಲ್‌ನೋರು ದೊಡ್ಡ ಕಂಪನಿಯಿಂದ ಸಗಟಿನಲ್ಲಿ ತಗೊಳ್ಳೋ ಲೈನು ಸಾಮಾನ್ಯವಾಗಿ ಎರಡೂ ಕಡೆಗೆ ಸಮ ಇರ್ತದೆ. ಒಂದು ಗಿಗಾಬಿಟ್ ಇಳಿಯೋಕೆ ತಗೊಂಡರೆ ಏರೋಕೂ ಒಂದು ಗಿಗಾಬಿಟ್ ಜೊತೆಗೇ ಬರ್ತದೆ. ಊರಿನ ಜನ ಹೆಚ್ಚಾಗಿ ನೋಡೋರು, ಕಳಿಸೋರು ಕಡಿಮೆ. ಹಾಗಾಗಿ ಇಳಿಯೋ ಕಡೆ ರಾತ್ರಿ ತುಂಬಿ ತುಳುಕ್ತದೆ, ಏರೋ ಕಡೆ ಮುಕ್ಕಾಲು ಪಾಲು ಬರಿದಾಗಿರ್ತದೆ. ಪೇಟೆಯಿಂದ ಗೊಬ್ಬರ ತುಂಬಿಕೊಂಡು ಬಂದ ಲಾರಿ ವಾಪಸ್ ಖಾಲಿ ಹೋಗ್ತಾ ಇದೆ. "ನಮ್ಮ ನಾಲ್ಕು ಚೀಲ ಅಡಿಕೆ ಹಾಕ್ಕೊಳ್ಳಿ ಮಾರಾಯ್ರೇ" ಅಂದ್ರೆ ಜಾಗ ಇಲ್ಲ ಅಂತಾರೆ. ಯಾವ ಜಾಗ? ಗುಡ್ಡದಿಂದ ಗುಡ್ಡಕ್ಕೆ ರೇಡಿಯೋ ಡಿಶ್ ಹಾಕಿ ಲೈನ್ ತಂದಿರೋ ಕಡೆ ಈ ಮಾತು ಬೇರೆ, ಅಲ್ಲಿ ಎರಡು ಕಡೆಯೂ ಅದೇ ಗಾಳಿಯನ್ನ ಹಂಚಿಕೊಳ್ಳಬೇಕು. ನಮ್ಮ ಕೇಬಲ್‌ನೋರು ಪೇಟೆಯಿಂದ ಇಲ್ಲಿವರೆಗೂ ಫೈಬರೇ ಎಳೆದಿದ್ದಾರೆ. ಕಂಬ ಕಂಬಕ್ಕೂ ಕಾಣ್ತದೆ.

ಮೂರನೇದು, ನಿಜವಾದ ಉತ್ತರ: "ಅಷ್ಟು ಬೇಕಾದ್ರೆ ಬಿಸಿನೆಸ್ ಪ್ಯಾಕ್ ತಗೊಳ್ಳಿ." ರೇಟು ಎರಡೂವರೆ ಪಟ್ಟು.

ಅಲ್ಲಿಗೆ ಬಂತು ನೋಡಿ. ಮೊದಲೆರಡು ಉತ್ತರದಲ್ಲಿ ಆಗೋದೇ ಇಲ್ಲ ಅಂತಿದ್ದದ್ದು ಮೂರನೇದರಲ್ಲಿ ದುಡ್ಡು ಕೊಟ್ಟರೆ ಆಗ್ತದೆ. ಅದೇ ತಂತಿ, ಅದೇ ಡಬ್ಬಿ, ಅದೇ ಕಂಬ. ವ್ಯಾಪಾರ ಮಾಡೋರು ಬೆಲೆ ಇಡೋದು ತಪ್ಪಲ್ಲ. ನಾವೂ ರಾಶಿ ಇಡಿಗೆ ಒಂದು ರೇಟು, ಬೆಟ್ಟೆಗೆ ಒಂದು ರೇಟು ಕೇಳ್ತೇವೆ. ಆದರೆ "ಇದು ನನ್ನ ಬೆಲೆ" ಅಂತ ನೇರ ಹೇಳಬೇಕು. ತಂತಿಗೆ ಶಕ್ತಿ ಇಲ್ಲ ಅಂತ ತಂತಿಯ ಮೇಲೆ ಹಾಕಬಾರದು. ತಕ್ಕಡಿ ಸರಿ ಇಲ್ಲ ಅಂತ ನಮಗೆ ಹೇಳಿ ನಮ್ಮ ಅಡಿಕೆಗೆ ಕಡಿಮೆ ಕೊಟ್ಟರೆ ಸುಮ್ಮನಿರ್ತೇವಾ?

ನಾನು ಆ ಪುಸ್ತಕ ತೆರೆದು ಅವರ ಮೇಜಿನ ಮೇಲಿಟ್ಟೆ. ಜಗಳ ಮಾಡಲಿಲ್ಲ. "ರಾತ್ರಿ ಜನ ಜಾಸ್ತಿ ಆದಾಗ ಇಳಿಯೋದು ಬೀಳ್ತದೆ, ಏರೋದು ಯಾಕೆ ಬೀಳಲ್ಲ? ಇದಕ್ಕೊಂದು ಉತ್ತರ ಹೇಳಿ, ನಾನು ಎದ್ದು ಹೋಗ್ತೇನೆ" ಅಂದೆ. ಅವರು ಪುಸ್ತಕ ನೋಡಿದರು. ನನ್ನ ಮುಖ ನೋಡಿದರು. ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದರು. "ಮನೆಗೆ ಹೋಗಿ ಡಬ್ಬಿ ಆಫ್ ಮಾಡಿ ಆನ್ ಮಾಡಿ ಅಣ್ಣಾ."

ಮನೆಗೆ ಬಂದು ಹಾಗೇ ಮಾಡಿದೆ. ಇಳಿಯೋದು 94. ಏರೋದು 48.

ಹೊಸ ತಂತಿ ಎಳೆದಿಲ್ಲ. ಹೊಸ ಡಬ್ಬಿ ಬಂದಿಲ್ಲ. ಯಾರೂ ಕಂಬ ಹತ್ತಿಲ್ಲ. ಐದು ನಿಮಿಷ ಕೂಡ ಹಿಡಿದಿಲ್ಲ. ಎಂಟು ತಿಂಗಳು ನಮ್ಮ ಮನೆ ಹುಡುಗಿಯ ಗಂಟಲು ಹಿಸುಕಿದ್ದು ಆ ಒಂದು ಅಂಕಿ.

ಸಂಜೆ ಅವರೇ ಫೋನ್ ಮಾಡಿದರು. "ಸರಿ ಆಯ್ತಾ ಅಣ್ಣಾ? ಒಂದು ಮಾತು, ಇದನ್ನ ಊರಲ್ಲಿ ಯಾರಿಗೂ ಹೇಳ್ಬೇಡಿ. ಎಲ್ಲರೂ ಕೇಳೋಕೆ ಶುರು ಮಾಡ್ತಾರೆ."

ನನಗೆ ಎರಡು ದಿನ ಕಸಿವಿಸಿ. ಅವರು ನಮ್ಮೂರಿನವರೇ. ಜೂನ್ ತಿಂಗಳ ಗಾಳಿಮಳೆಗೆ ಹಲಸಿನ ಮರ ಲೈನಿನ ಮೇಲೆ ಬಿದ್ದಾಗ ಏಣಿ ಹೊತ್ತುಕೊಂಡು, ಜಿಗಣೆ ಕಚ್ಚಿಸಿಕೊಂಡು, ರಾತ್ರಿ ಹತ್ತು ಗಂಟೆಗೆ ಟಾರ್ಚ್ ಬೆಳಕಲ್ಲಿ ಎಳೆ ಜೋಡಿಸಿದ ಹುಡುಗರು ಅವರ ಹುಡುಗರು. ನಮ್ಮನೆ ಜಗಲಿಯಲ್ಲಿ ಕೂತು ಊಟ ಮಾಡಿ ಹೋಗಿದ್ದಾರೆ. ದೊಡ್ಡ ಕಂಪನಿಗಳು ನಿಮ್ಮೂರಲ್ಲಿ ಮನೆ ಕಡಿಮೆ, ಲಾಭ ಇಲ್ಲ ಅಂತ ಬರದೇ ಹೋದಾಗ ಇವರು ಬಂದರು. ಅವರಿಲ್ಲದಿದ್ದರೆ ನಾವು ಇವತ್ತಿಗೂ ಗುಡ್ಡದ ನೆತ್ತಿಯಲ್ಲಿ ಫೋನ್ ಎತ್ತಿ ಹಿಡಿದು ನಿಂತಿರ್ತಿದ್ದೆವು. 2020ರ ಕೊರೋನಾ ಕಾಲದಲ್ಲಿ ನಮ್ಮ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು, ಗುಡ್ಡದ ಮೇಲೆ ಪ್ಲಾಸ್ಟಿಕ್ ಚಪ್ಪರ ಕಟ್ಟಿ ಪಾಠ ಕೇಳಿದ್ದು ನಾವು ಮರೆತಿಲ್ಲ. ಇಂಥವರ ಮೇಲೆ ಬರೆಯೋದು ಸರಿಯಾ?

ಮೂರನೇ ದಿನ ಅವರಿಗೇ ಫೋನ್ ಮಾಡಿ ಹೇಳಿದೆ. "ನೀವು ನನಗೆ ಮಾಡಿದ ಉಪಕಾರ ಮರೆಯಲ್ಲ. ಆದರೆ ಇದು ಉಪಕಾರ ಆಗಬಾರದು. ನಾನು ಬರೀತೇನೆ, ನಿಮ್ಮ ಹೆಸರು ಹಾಕಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ, ಏನು ಮಾಡೋದು" ಅಂದರು. ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ. ಗುಟ್ಟಾಗಿ ಕೇಳಿದವನಿಗೆ 48, ಕೇಳದವನಿಗೆ ಐದು. ಇದರಲ್ಲಿ ನನಗೆ ಲಾಭ ಆಯ್ತು ಅಂತ ನಾನು ಬಾಯಿ ಮುಚ್ಚಿಕೊಂಡರೆ, ನಾಳೆ ಮಂಡಿಯಲ್ಲಿ ಪರಿಚಯದವನಿಗೆ ಒಂದು ರೇಟು, ನಿಮಗೆ ಒಂದು ರೇಟು ಅಂದಾಗ ನಾನು ಯಾವ ಬಾಯಲ್ಲಿ ಮಾತಾಡಲಿ?

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ಸೊಸೈಟಿ ಕಟ್ಟೆಯಲ್ಲಿ ಈ ವಿಷಯ ತೆಗೆದಾಗ ಒಬ್ಬರು ಕೇಳಿದರು, "ನಾವು ತೋಟದ ಕೆಲಸದವರು, ನಮಗ್ಯಾಕೆ ಅಪ್‌ಲೋಡು? ಯೂಟ್ಯೂಬ್ ಓಡಿದರೆ ಸಾಕು."

ಸಾಕಾಗಲ್ಲ ಭಾವ, ಯಾಕೆ ಅಂತ ಹೇಳ್ತೇನೆ.

ಎಲೆಚುಕ್ಕೆ ನಮ್ಮ ತೋಟಗಳಿಗೆ ಬಂದಾಗ ಏನು ಮಾಡಿದೆವು? ಸೋಗೆಯ ಫೋಟೋ ಹೊಡೆದು ವಾಟ್ಸಾಪಿನಲ್ಲಿ ತಜ್ಞರಿಗೆ ಕಳಿಸಿದೆವು. ವಾಟ್ಸಾಪ್ ಫೋಟೋವನ್ನ ಹಿಂಡಿ ಕುಗ್ಗಿಸಿ ಕಳಿಸ್ತದೆ. ಚುಕ್ಕೆಯ ಸುತ್ತ ಹಳದಿ ಅಂಚು ಇದೆಯಾ ಇಲ್ಲವಾ ಅಂತ ಆ ಕಡೆಯವರಿಗೆ ಗೊತ್ತಾಗಬೇಕು, ಅದೇ ಕಲಸಿ ಹೋಗಿರ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗ್ತದೆ, ಆದರೆ ಅದು ದೊಡ್ಡದು. ಹತ್ತು ಮರದ ವಿಡಿಯೋ ಆದರೆ ಐದರ ಲೈನಿನಲ್ಲಿ ಅರ್ಧ ದಾರಿಗೇ ನಿಲ್ತದೆ, ನಮಗೆ ಬೇಜಾರಾಗಿ ಬಿಟ್ಟು ಬಿಡ್ತೇವೆ. ರೋಗ ಬಿಡಲ್ಲ.

ಕೊನೆಕೊಯ್ಲು ಹತ್ತಿರ ಬಂತು. ಇನ್ನು ಒಂದು ತಿಂಗಳಿಗೆ ಅಂಗಳದಲ್ಲಿ, ಚಪ್ಪರದ ಮೇಲೆ ಲಕ್ಷಗಟ್ಟಲೆ ರೂಪಾಯಿ ಒಣಗ್ತಾ ಇರ್ತದೆ. ಕ್ಯಾಮೆರಾ ಹಾಕಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಮದುವೆ ಮನೆಯಲ್ಲಿ ಕೂತು ಫೋನಿನಲ್ಲಿ ಅಂಗಳ ನೋಡಬೇಕಂದ್ರೆ ಆ ಚಿತ್ರ ನಿಮ್ಮ ಮನೆಯಿಂದ ಏರಿಯೇ ಬರಬೇಕು. ಏರೋ ದಾರಿ ಕಟ್ಟಿದ್ದರೆ ಅಡಿಕೆ ಹೋದ ಮೇಲೆ ಚಿತ್ರ ಬರ್ತದೆ.

ಬೆಳೆ ಸಮೀಕ್ಷೆಯ ಫೋಟೋ ನಾವೇ ಹಾಕಬೇಕು ಅಂತ ಆಗಿ ವರ್ಷಗಳಾದವು. ಅಮ್ಮನ ಕಾಲು ಊದಿಕೊಂಡಿದ್ದನ್ನ ಡಾಕ್ಟರಿಗೆ ವಿಡಿಯೋದಲ್ಲಿ ತೋರಿಸಿದಾಗ, "ಚಿತ್ರ ನಿಂತು ಬಿಟ್ಟಿದೆ, ಕರ್ಕೊಂಡು ಬನ್ನಿ" ಅಂದರು. ಸೊಂಟ ಮುರಿದವರನ್ನ ಘಾಟಿ ರಸ್ತೆಯಲ್ಲಿ ಎರಡು ಗಂಟೆ ಕೂರಿಸಿಕೊಂಡು ಹೋದೆವು. ಈಗ 48 ಬಂದ ಮೇಲೆ ಅದೇ ಡಾಕ್ಟರು ಮನೆಯಿಂದಲೇ ನೋಡಿ ಮಾತ್ರೆ ಬದಲಾಯಿಸಿದರು.

ಇಷ್ಟಾದರೂ ಬೇಡ ಅಂದ್ರೆ ನಿಮ್ಮ ಮಕ್ಕಳ ಬಗ್ಗೆ ಯೋಚಿಸಿ. ಊರಿಗೆ ಬರ್ತೇನೆ ಅನ್ನೋ ಮನಸ್ಸು ಅವರಿಗಿದೆ. ತೋಟ ನೋಡಿಕೊಂಡು, ಹಗಲು ಅಷ್ಟು ಹೊತ್ತು ಕಂಪನಿ ಕೆಲಸ ಮಾಡಿಕೊಂಡು ಇರ್ತೇವೆ ಅಂತಾರೆ. ಅವರು ಮನೆಯಿಂದ ಮಾಡೋ ಕೆಲಸ ಅಂದ್ರೆ ನೋಡೋದಲ್ಲ, ಕಳಿಸೋದು. ಐದರ ಲೈನಿನಲ್ಲಿ ಅವರು ಹಬ್ಬಕ್ಕೆ ಬಂದು ಹೋಗಬಹುದು, ಉಳಿಯೋಕಾಗಲ್ಲ.

ದೆಹಲಿಯವರ ಲೆಕ್ಕವೂ ಹೀಗೇ ಇದೆ ಅನ್ನೋದನ್ನ ಗಮನಿಸಿ. ಬ್ರಾಡ್‌ಬ್ಯಾಂಡ್ ಅಂದರೆ ಏನು ಅನ್ನೋದಕ್ಕೆ ಸರ್ಕಾರದ ವ್ಯಾಖ್ಯಾನ ಇದೆ. ಮೊದಲು 512 ಕೆಬಿಪಿಎಸ್ ಇತ್ತು, 2023ರ ಜನವರಿಯಲ್ಲಿ ಕನಿಷ್ಠ 2 ಎಂಬಿಪಿಎಸ್ ಅಂತ ಮಾಡಿದರು. ಅದು ಇಳಿಯೋ ವೇಗ. 2021ರಲ್ಲಿ ಟ್ರಾಯ್‌ನವರು ಬೇಸಿಕ್, ಫಾಸ್ಟ್, ಸೂಪರ್ ಫಾಸ್ಟ್ ಅಂತ ವಿಂಗಡಿಸಿ ಅಂತ ಶಿಫಾರಸು ಮಾಡಿದ್ದೂ ಇಳಿಯೋ ವೇಗ ಹಿಡಿದೇ. ಹಳ್ಳಿಯವನು ತಗೊಳ್ಳೋನು, ನೋಡೋನು, ಕೇಳೋನು ಅಂತ ಮೊದಲೇ ತೀರ್ಮಾನ ಮಾಡಿಕೊಂಡ ಹಾಗಿದೆ. ಅನ್ನ ಕಳಿಸೋನು ನಾವು. ನಮ್ಮಿಂದ ಆಚೆಗೂ ಹೋಗೋದು ಇದೆ ಅಂತ ಅವರಿಗೆ ನೆನಪು ಮಾಡಬೇಕಾಗಿದೆ.

ಏನು ಮಾಡಬಹುದು ಅಂತ ಹೇಳಿ ಮುಗಿಸ್ತೇನೆ.

ಮೊದಲು ನಿಮ್ಮ ಮನೆ ಪರೀಕ್ಷೆ. ಕ್ಯಾಮೆರಾ, ಫೋಟೋ ಬ್ಯಾಕಪ್ಪು ನಿಲ್ಲಿಸಿ. ಸಾಧ್ಯ ಇದ್ದರೆ ಲ್ಯಾನ್ ವೈರು ಚುಚ್ಚಿ, ಇಲ್ಲಾಂದ್ರೆ ಡಬ್ಬಿ ಇರೋ ಕೋಣೆಯಲ್ಲೇ ನಿಂತು 5 ಗಿಗಾಹರ್ಟ್ಸ್ ವೈಫೈಯಲ್ಲಿ ನೋಡಿ. ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಎರಡೂ ಅಂಕಿ ಬರ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮೂರು ದಿನ ಬರೆದಿಡಿ. ಏರೋದು ಏರಿಳಿತ ಇದ್ದರೆ ತೊಂದರೆ ಲೈನಿನದ್ದೋ ಜನಜಂಗುಳಿಯದ್ದೋ ಇರಬಹುದು. ಒಂದೇ ಅಂಕಿಗೆ ಕಂಬದ ಹಾಗೆ ನಿಂತಿದ್ದರೆ ಅದು ಬೀಗ.

ಎರಡನೇದು, ರೀಚಾರ್ಜ್ ಮಾಡೋ ಹೊತ್ತಿಗೆ ಎರಡೂ ಅಂಕಿ ರಸೀದಿಯಲ್ಲಿ ಬರೆದು ಕೊಡಿ ಅಂತ ಕೇಳಿ. ಬಾಯಿ ಮಾತು ಬೇಡ.

ಮೂರನೇದು, ಒಬ್ಬೊಬ್ಬರೇ ಹೋಗಿ ಗುಟ್ಟಾಗಿ ಮಾಡಿಸಿಕೊಳ್ಳಬೇಡಿ. ನಾನು ಗೊತ್ತಿಲ್ಲದೆ ಮಾಡಿಸಿಕೊಂಡೆ, ನೀವು ಗೊತ್ತಿದ್ದೂ ಮಾಡಬೇಡಿ. ನಮ್ಮ ಲೈನಿನಲ್ಲಿ 23 ಮನೆ ಇವೆ. ಒಂದು ಹಾಳೆಯಲ್ಲಿ 23 ಸಹಿ ಹಾಕಿ ಕೊಡೋಣ. ಇಳಿಯೋದರ ಅರ್ಧದಷ್ಟಾದರೂ ಏರೋಕೆ ಕೊಡಿ, ನೂರಿಗೆ ಐವತ್ತು. ಅದಕ್ಕೆ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಬೇಕು ಅಂದರೆ ಕಾರಣ ಹೇಳಲಿ, ಕೂತು ಮಾತಾಡೋಣ. ಅವರೂ ಬದುಕಬೇಕು.

ನಾಲ್ಕನೇದು, ಆಗಲೂ ಕೇಳದಿದ್ದರೆ, ಊರಿನ ಕೇಬಲ್‌ನೋರ ಹಿಂದೆ ಲೈಸೆನ್ಸ್ ಇರೋ ಕಂಪನಿ ಇರ್ತದೆ, ಅದರ ಹೆಸರು ನಿಮ್ಮ ಬಿಲ್ಲಿನಲ್ಲೇ ಇದೆ. ಅವರ ನಂಬರಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಮಾಧಾನ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ಇದು 2012ರಿಂದ ಇರೋ ನಿಯಮ. ಆದರೆ ಅಲ್ಲಿವರೆಗೆ ಹೋಗಬೇಕಾಗಲ್ಲ ಅಂತ ನನ್ನ ನಂಬಿಕೆ. ಒತ್ತಬೇಕಾದ್ದು ಒಂದೇ ಗುಂಡಿ.

ಬರೋ ಭಾನುವಾರ ಸಂಜೆ ನಾಲ್ಕಕ್ಕೆ ಸೊಸೈಟಿ ಕಟ್ಟೆಯಲ್ಲಿ ಹಾಳೆ ಇಟ್ಟುಕೊಂಡು ಕೂತಿರ್ತೇನೆ. ನಿಮ್ಮ ಮೂರು ದಿನದ ಅಂಕಿ ತನ್ನಿ. ಕೇಬಲ್‌ನೋರನ್ನೂ ಕರೆದಿದ್ದೇನೆ, ಬರ್ತೇನೆ ಅಂದಿದ್ದಾರೆ. ಬಂದವರಿಗೆ ಚಾ ನಮ್ಮನೆಯಿಂದ.

ಮಗಳ ಗಡುವು ಮುಗಿದು ಹದಿನೈದು ದಿನ ಆಯ್ತು. ಅವಳು ಇನ್ನೂ ಇಲ್ಲೇ ಇದ್ದಾಳೆ. ಇದನ್ನ ಟೈಪ್ ಮಾಡ್ತಾ ಇರೋ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಮೀಟಿಂಗ್ ನಡೀತಾ ಇದೆ. ಗೋಡೆ ಇಷ್ಟು ದಪ್ಪ ಇದ್ದರೂ ಅವಳ ಮಾತು ಜಗಲಿವರೆಗೂ ಕೇಳ್ತಾ ಇದೆ. ಆ ಕಡೆಯವರಿಗೂ ಕೇಳ್ತಾ ಇರಬೇಕು, ಯಾಕಂದ್ರೆ ಒಂದು ಗಂಟೆಯಿಂದ "ನನ್ನ ಮಾತು ಕೇಳ್ತಿದೆಯಾ?" ಅಂತ ಒಂದು ಸಲವೂ ಕೇಳಿಲ್ಲ.